22 ಗಾಡಿ, 64 ಪಿನ್ನು: ಸೂಪರ್ ಬೌಲ್ ಹಾಫ್‌ಟೈಮ್‌ನಲ್ಲಿ ನನ್ನ ಕೆಲಸ

ನಮ್ಮ ಮನೆಯ ಊಟದ ಮೇಜಿನ ಮೇಲೆ ಆರು ವಾರ 22 ಬೆಂಕಿಪೊಟ್ಟಣ ಹರಡಿಕೊಂಡಿದ್ದವು. ನಾವು ನಾಲ್ಕೂ ಜನ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಮೇಜಿನ ಒಂದು ಮೂಲೆಯಲ್ಲಿ ಎರಡು ಸ್ಟೀಲ್ ಡಬ್ಬಿ ಇಟ್ಟು, ನಡುವೆ ಒಂದೇ ಪೊಟ್ಟಣ ತೂರುವಷ್ಟು ಸಂದು ಬಿಟ್ಟಿದ್ದೆ. ಅದು ಕ್ರೀಡಾಂಗಣದ ಸುರಂಗದ ಬಾಯಿ. ಪೊಟ್ಟಣಗಳು ಒಬ್ಬ ದೊಡ್ಡ ಗಾಯಕಿ ನಿಂತು ಹಾಡಬೇಕಾದ ವೇದಿಕೆಯ ತುಂಡುಗಳು. ಒಂದೊಂದು ತುಂಡೂ ಚಕ್ರವಿರುವ ಒಂದೊಂದು ಗಾಡಿ. ಆ ತುಂಡುಗಳು ಯಾವ ಕ್ರಮದಲ್ಲಿ ಒಳಗೆ ಹೋಗಬೇಕು, ಯಾವ ಕ್ರಮದಲ್ಲಿ ಹೊರಗೆ ಬರಬೇಕು ಅಂತ ಬರೆದುಕೊಡುವುದು ನನ್ನ ಕೆಲಸ.

ಗಾಯಕಿ ಯಾರು, ಯಾವ ವರ್ಷ ಅನ್ನೋದನ್ನು ಬರೆಯುವುದಿಲ್ಲ. ಹಾಗಂತ ಕರಾರಿಗೆ ಸಹಿ ಹಾಕಿದ್ದೇನೆ. ಆದರೆ ಕೆಲಸ ಹೇಗೆ ಮಾಡಿದೆವು ಅಂತ ಹೇಳಬಹುದು.

ಸೂಪರ್ ಬೌಲ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್. ಮಾಮೂಲಿ ಪಂದ್ಯದಲ್ಲಿ ಹಾಫ್‌ಟೈಮ್, ಅಂದರೆ ನಡುವಿನ ವಿರಾಮ, 12-13 ನಿಮಿಷ. ಫೈನಲ್ ದಿನ ಅದನ್ನು ಹೆಚ್ಚುಕಡಿಮೆ ಅರ್ಧ ಗಂಟೆಗೆ ಎಳೆಯುತ್ತಾರೆ. ಹಾಡು-ಕುಣಿತಕ್ಕೆ 12-13 ನಿಮಿಷ ಹೋದರೆ ಕಟ್ಟಲು ಸುಮಾರು ಏಳು ನಿಮಿಷ, ಬಿಚ್ಚಲು ಸುಮಾರು ಏಳು ನಿಮಿಷ ಉಳಿಯುತ್ತದೆ. 2025ರಲ್ಲಿ ಕೆಂಡ್ರಿಕ್ ಲಮಾರ್ ಹಾಡಿದ್ದನ್ನು ಅಮೆರಿಕದಲ್ಲೇ 13 ಕೋಟಿಗೂ ಜಾಸ್ತಿ ಜನ ನೋಡಿದರು. ಇಷ್ಟು ಜನ ನೋಡುವ ವೇದಿಕೆ ಹತ್ತು ನಿಮಿಷದ ಹಿಂದೆ ಅಲ್ಲಿ ಇರಲೇ ಇಲ್ಲ, ಅಲ್ವಾ? ನನಗೆ ಈ ಕೆಲಸದ ಹುಚ್ಚು ಹಿಡಿದದ್ದೇ ಅದರಿಂದ.

ಹುಚ್ಚಿನ ಬೀಜ ಬಿದ್ದದ್ದು ಮಾತ್ರ ಊರಿನಲ್ಲಿ. ನಮ್ಮ ಚಿಕ್ಕಪ್ಪ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರು. ಶಿರಸಿ ಮಾರಿಕಾಂಬಾ ಜಾತ್ರೆಗೆ ಕಂಪನಿ ಬಂದಾಗ ನಾನು ರಜೆ ಪೂರ್ತಿ ಅವರ ಜೊತೆ ಸೈಡ್‌ವಿಂಗಿನಲ್ಲೇ ಇರುತ್ತಿದ್ದೆ. ದರ್ಬಾರ್ ಸೀನು ಮುಗಿದು ಕಾಡಿನ ಸೀನು ಬರುವಷ್ಟರಲ್ಲಿ ಸಿಂಹಾಸನ ಮಾಯವಾಗಬೇಕು. ಅಷ್ಟು ಹೊತ್ತು ಮುಂದಿನ ಪರದೆಯ ಎದುರು ಒಂದು ಹಾಸ್ಯದ ಮಾತುಕತೆ ನಡೆಯುತ್ತಿತ್ತು. ಒಂದು ಸಲ ನಾನು ಸಿಂಹಾಸನ ತಂದು ಇಟ್ಟು ಹೆಮ್ಮೆಯಿಂದ ನಿಂತಿದ್ದೆ. ಚಿಕ್ಕಪ್ಪ ಅಂದರು, "ತಮ್ಮಾ, ತಂದು ಇಡೂದು ಯಾವನಾದ್ರೂ ಇಡ್ತಾನ. ಒಯ್ಯೂದು ಹ್ಯಾಂಗ ಅಂತ ಮೊದಲ ನೋಡು."

ಅಷ್ಟು ವರ್ಷ ಆದಮೇಲೂ ನಾನು ಅದೇ ತಪ್ಪು ಮಾಡಿದೆ. ಮೊದಲ ಯೋಜನೆಯಲ್ಲಿ ಎಲ್ಲಕ್ಕಿಂತ ಭಾರದ ಗಾಡಿಯನ್ನು ನಟ್ಟನಡುವೆ ಇಟ್ಟಿದ್ದೆ. ಗಾಯಕಿಯನ್ನು ಮೇಲೆತ್ತುವ ಲಿಫ್ಟ್ ಇರುವ ಗಾಡಿ ಅದು. ಅದು ಮೊದಲು ಹೋಗಿ ನಿಂತರೆ ಮಿಕ್ಕ 21 ಗಾಡಿ ಬಂದು ಸುತ್ತ ಕೂಡಿಕೊಳ್ಳುತ್ತವೆ. ಕಟ್ಟುವಾಗ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆದರೆ ಬಿಚ್ಚುವಾಗ? ಸುತ್ತಲಿನದೆಲ್ಲ ಹೊರಟ ಮೇಲೆಯೇ ಅದಕ್ಕೆ ದಾರಿ. ಅಷ್ಟು ಹೊತ್ತಿಗೆ ತಳ್ಳುವವರ ತೋಳು ಸೋತಿರುತ್ತದೆ. ಆಟಗಾರರು ಅದೇ ಸುರಂಗದಿಂದ ಹೊರಗೆ ಬರಲು ಕಾಯುತ್ತಿರುತ್ತಾರೆ. ಒಂದು ರಾತ್ರಿ ಪೊಟ್ಟಣಗಳನ್ನು ಒಂದೊಂದಾಗಿ ಡಬ್ಬಿಗಳ ಸಂದಿನಿಂದ ಹೊರಗೆ ತೆಗೆಯುತ್ತಾ ಹೋದೆ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಅದೊಂದೇ ಪೊಟ್ಟಣ. ನೋಡಿ ಎದೆ ಧಸಕ್ಕೆಂದಿತು.

ಮಾರನೇ ದಿನ ಡ್ಯಾನ್ಸ್ ಮಾಸ್ಟರ್ ಹತ್ತಿರ ಹೋಗಿ, ಲಿಫ್ಟ್ ಗಾಡಿಯನ್ನು ಸುರಂಗದ ಕಡೆಗೆ 12 ಅಡಿ ಸರಿಸಬೇಕು ಅಂದೆ. ಮೂರು ವಾರದಿಂದ ಕೂಡಿಸಿದ ಹೆಜ್ಜೆಗಳೆಲ್ಲ ಬದಲಾಗಬೇಕಿತ್ತು. ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. ನಾನು ಜೇಬಿನಿಂದ ಪೊಟ್ಟಣಗಳನ್ನು ತೆಗೆದು ನೆಲದ ಮೇಲೆ ಜೋಡಿಸಿ ತೋರಿಸಿದೆ. ಆಕೆಯೂ ಕೂತು, ತಾನೇ ಕೈಯಾರೆ ಒಂದೊಂದನ್ನೂ ಹೊರಗೆ ತೆಗೆದು ನೋಡಿ, "ಸರಿ, ಎರಡು ದಿನ ಕೊಡಿ" ಅಂದರು. ಆ ಎರಡು ದಿನದ ಋಣ ನನ್ನ ಮೇಲೆ ಇನ್ನೂ ಇದೆ.

ಇನ್ನು ಹುಲ್ಲು. ಹಾಡು ಮುಗಿದ ಮೇಲೆ ಅದೇ ಹುಲ್ಲಿನ ಮೇಲೆ ನೂರು ನೂರೈವತ್ತು ಕೆಜಿಯ ಆಟಗಾರರು ಓಡಿ ಡಿಕ್ಕಿ ಹೊಡೆಯಬೇಕು. ಹುಲ್ಲು ಕಿತ್ತು ಬಂದರೆ ಅವರ ಮೊಣಕಾಲು ಹೋಗುತ್ತದೆ. ಜಾರ್ಜ್ ಟೋಮಾ ಎಂಬವರು 1967ರ ಮೊದಲ ಸೂಪರ್ ಬೌಲ್‌ನಿಂದ ಹಿಡಿದು 57 ಫೈನಲ್‌ಗಳಲ್ಲಿ ಈ ಹುಲ್ಲಿನ ಕೆಲಸ ಮಾಡಿದರು. 2023ರಲ್ಲಿ ರಿಹಾನಾ ಮೇಲಿಂದ ತೂಗಿಬಿಟ್ಟ ಹಲಗೆಗಳ ಮೇಲೆ ನಿಂತು ಹಾಡಿದ್ದು ನೆನಪಿದೆಯಾ? ನೋಡಲು ಚೆಂದ ಅಂತ ಮಾತ್ರ ಅಲ್ಲ, ಹುಲ್ಲಿನ ಮೇಲೆ ಗಾಡಿಗಳ ಭಾರ ಕಡಿಮೆಯಾಗಲಿ ಅಂತಲೂ ಹೌದು. ನಮ್ಮ ಗಾಡಿಗಳಿಗೆ ಅಗಲದ, ಗಾಳಿ ಕಡಿಮೆ ತುಂಬಿದ ಟೈರು. ನಿಂತಲ್ಲೇ ಚಕ್ರ ತಿರುಗಿಸಬಾರದು ಅನ್ನೋದು ಕಟ್ಟುನಿಟ್ಟು. ಪ್ರತಿ ತಾಲೀಮಿನ ನಂತರ ಮೈದಾನ ನೋಡಿಕೊಳ್ಳುವ ಹಿರಿಯರೊಬ್ಬರು ಗಾಡಿ ಹೋದ ದಾರಿಯುದ್ದಕ್ಕೂ ನಡೆದು, ಬಗ್ಗಿ, ಅಂಗೈಯಿಂದ ಹುಲ್ಲು ಒತ್ತಿ ನೋಡುತ್ತಿದ್ದರು. ನಮ್ಮಪ್ಪ ಗದ್ದೆಯಲ್ಲಿ ಸಸಿಯ ಬುಡ ಮುಟ್ಟಿ ನೋಡುವುದೂ ಹಾಗೇ. ನಾನು ಅವರ ಹಿಂದೆಯೇ ನಡೆಯುತ್ತಿದ್ದೆ. ಅವರು ಎಲ್ಲಿ ಎರಡನೇ ಸಲ ಬಗ್ಗಿದರೋ ಅಲ್ಲಿ ಮರುದಿನ ಗಾಡಿಯ ದಾರಿ ಬದಲಿಸುತ್ತಿದ್ದೆ.

ಸೌಂಡ್ ನನ್ನ ವಿಭಾಗ ಅಲ್ಲ. ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ವಾದ್ಯಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳುವುದನ್ನು ಜನ ಮೋಸ ಅನ್ನುತ್ತಾರೆ. 2014ರ ಹಾಫ್‌ಟೈಮ್‌ನಲ್ಲಿ ರೆಡ್ ಹಾಟ್ ಚಿಲಿ ಪೆಪರ್ಸ್ ಬ್ಯಾಂಡಿನವರು ಗಿಟಾರಿಗೆ ವೈರೇ ಸಿಕ್ಕಿಸಿರಲಿಲ್ಲ ಅಂತ ದೊಡ್ಡ ಸುದ್ದಿಯಾಯಿತು. ಏಳು ನಿಮಿಷದಲ್ಲಿ ಕಟ್ಟಿದ ವೇದಿಕೆಯಲ್ಲಿ ಒಂದೊಂದು ವಾದ್ಯವನ್ನೂ ಪರೀಕ್ಷಿಸಲು ಸಮಯ ಎಲ್ಲಿದೆ? ಅವರು ಅಂದು ಹಾಡಿದ್ದು ನಿಜವಾದ ಕಂಠದಲ್ಲೇ.

ನಮಗೆ ಪೆಟ್ಟು ಬಿದ್ದದ್ದು ಕೊಂಡಿಯಲ್ಲಿ. ಗಾಡಿಯಿಂದ ಗಾಡಿಗೆ ಬೆಸೆಯಲು ಒಂದು ಕಂಪನಿಯಿಂದ ಕೊಂಡಿ ತರಿಸಿದ್ದೆವು. ಪಾರ್ಕಿಂಗ್ ಜಾಗದಲ್ಲಿ ಮೈದಾನದ ಅಳತೆಗೆ ಟೇಪು ಅಂಟಿಸಿ ಎರಡು ವಾರ ತಾಲೀಮು ಮಾಡಿದೆವು. ಕೊಂಡಿ ಟಕ್ಕನೆ ಕೂರುತ್ತಿತ್ತು. ಮೈದಾನಕ್ಕೆ ಬಂದ ಮೊದಲ ರಾತ್ರಿ ಒಂಬತ್ತು ಕಡೆ ಕೂರಲಿಲ್ಲ. 14ನೇ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದೆ. ಎರಡು ತೂತುಗಳ ನಡುವೆ ನನ್ನ ಹೆಬ್ಬೆರಳಿನ ಉಗುರಿನಷ್ಟು ಏರುಪೇರು. ಮಳೆ ನೀರು ಹರಿದುಹೋಗಲಿ ಅಂತ ಮೈದಾನದ ನಡುವೆ ಸ್ವಲ್ಪ ಉಬ್ಬು ಇರುತ್ತದೆ. ಪಾರ್ಕಿಂಗ್ ಜಾಗ ಸಪಾಟು. ಇದು ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ, ನೆಲ ಸರಿ ಮಾಡಿಕೊಳ್ಳಿ ಅಂದರು. ರಾತ್ರೋರಾತ್ರಿ ಕೊಂಡಿ ಬಿಚ್ಚಿ, ತೂತು ಅಗಲ ಮಾಡಿಸಿ, ಮೊನೆ ಚೂಪಾದ ಉಕ್ಕಿನ ಪಿನ್ನು ಹಾಕಿದೆವು. ಒಟ್ಟು 64. ಹುಲ್ಲಿನಲ್ಲಿ ಬಿದ್ದರೆ ಕಾಣಲಿ ಅಂತ ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದೆವು. ಒಂದೇ ಒಂದು ಪಿನ್ನು ಹುಲ್ಲಿನಲ್ಲಿ ಉಳಿದರೂ ಆಟಗಾರನೊಬ್ಬನ ಕಾಲಿಗೆ ಅಪಾಯ.

ಗಾಡಿ ತಳ್ಳುವವರು ಆ ಊರಿನವರೇ. ನರ್ಸು, ಮೇಷ್ಟ್ರು, ಕಾಲೇಜು ಹುಡುಗರು. ಇಂಥ ಕೆಲಸಕ್ಕೆ ಸಂಬಳ ಕೊಡಲೇಬೇಕು ಅನ್ನೋದು ನನ್ನ ನಿಲುವು. 2022ರಲ್ಲಿ ಲಾಸ್ ಏಂಜಲೀಸಿನಲ್ಲಿ ಡ್ಯಾನ್ಸ್ ಕಲಿತವರನ್ನು ಪುಕ್ಕಟೆ ಕರೆದ ಬಗ್ಗೆ ಗಲಾಟೆ ಎದ್ದದ್ದು ಒಳ್ಳೆಯದೇ ಆಯಿತು. ಹಾಡುವವರಿಗೂ ಲೀಗು ದೊಡ್ಡ ಸಂಭಾವನೆ ಏನೂ ಕೊಡುವುದಿಲ್ಲ, ಕಾರ್ಯಕ್ರಮದ ಖರ್ಚು ನೋಡಿಕೊಳ್ಳುತ್ತದೆ. ಆದರೆ ಹಾಡುವವರ ಹೆಸರನ್ನು ಮರುದಿನ ಲೋಕವೆಲ್ಲ ಆಡುತ್ತದೆ, ತಳ್ಳುವವರ ಹೆಸರನ್ನು ಯಾರೂ ಕೇಳುವುದಿಲ್ಲ. ನಾನು ಗಾಡಿಯ ಹಿಡಿಗಳ ಮೇಲೆ ಟೇಪು ಅಂಟಿಸಿ ಒಬ್ಬೊಬ್ಬರ ಹೆಸರು ಬರೆದಿದ್ದೆ. ಯಾರ ಕೈ ಎಲ್ಲಿ ಅನ್ನೋ ಗೊಂದಲವೂ ತಪ್ಪಿತು.

ಆ ರಾತ್ರಿ ಸುರಂಗದಲ್ಲಿ ಸಾಲಾಗಿ ನಿಂತಿದ್ದೆವು. ಆಟಗಾರರು ಬೆವರು ಸುರಿಸುತ್ತಾ ನಮ್ಮ ಪಕ್ಕದಲ್ಲೇ ಒಳಗೆ ಹೋದರು. ಕಿವಿಯಲ್ಲಿ "ಹೊರಡಿ" ಅಂತ ಬಂತು. ಆಮೇಲೆ ಚಕ್ರದ ಸದ್ದು, ಉಸಿರಿನ ಸದ್ದು, ತುಳಿದ ಹುಲ್ಲಿನ ಹಸಿ ವಾಸನೆ. ಆರು ನಿಮಿಷ 40 ಸೆಕೆಂಡಿಗೆ ಕೊನೆಯ ಪಿನ್ನು ಕೂತಿತು. ಹಾಡನ್ನು ನಾನು ನೋಡಲಿಲ್ಲ. ಸುರಂಗದ ಬಾಯಲ್ಲಿ ಬೆನ್ನು ತಿರುಗಿಸಿ ನಿಂತು, ಹೊರಗೆ ಬರುವ ದಾರಿಯಲ್ಲಿ ಯಾರೂ ಅಡ್ಡ ನಿಲ್ಲದ ಹಾಗೆ ನೋಡಿಕೊಳ್ಳುತ್ತಿದ್ದೆ. ಲಿಫ್ಟ್ ಗಾಡಿ ನಾಲ್ಕನೆಯದಾಗಿ ಹೊರಗೆ ಬಂತು.

22 ಗಾಡಿಯೂ ಬಂದವು. ಪಿನ್ನು ಎಣಿಸಿದೆವು. 63. ಇನ್ನೊಮ್ಮೆ ಎಣಿಸಿದೆವು, 63. ಮೈದಾನದ ಹಿರಿಯರು ಆಗಲೇ ಹುಲ್ಲಿಗೆ ಇಳಿದು ಹುಡುಕುತ್ತಿದ್ದರು. ಆಟಗಾರರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ಗಾಡಿಯಿಂದ ಗಾಡಿಗೆ ಓಡಿ, "ಜೇಬು ನೋಡಿ, ಎಲ್ಲರೂ ಜೇಬು ನೋಡಿ" ಅಂತ ಕೂಗಿದೆ. ಒಂಬತ್ತನೇ ಗಾಡಿಯ ಮೇಷ್ಟ್ರು ಜಾಕೆಟ್ಟಿನ ಒಳಜೇಬಿಗೆ ಕೈ ಹಾಕಿದರು. ಮೊದಲು ಕೆಂಪು ರಿಬ್ಬನ್ ಹೊರಗೆ ಬಂತು. "ಬೀಳಬಾರದು ಅಂತ ಭದ್ರವಾಗಿ ಇಟ್ಟುಕೊಂಡಿದ್ದೆ" ಅಂದರು. ಅವರ ಕೈ ನಡುಗುತ್ತಿತ್ತು. ನಾನು ರೇಡಿಯೋದಲ್ಲಿ "64" ಅಂದೆ. ದೂರದಲ್ಲಿ ಬಗ್ಗಿದ್ದ ಹಿರಿಯರು ಸೊಂಟ ನೆಟ್ಟಗೆ ಮಾಡಿ ಕೈ ಎತ್ತಿದರು.