ಔಡಲ ಎಣ್ಣೆಗೆ ಹೆದರದ ಹೆಗ್ಗಣ

ಗಂಗಾವತಿಯಲ್ಲಿ ನಮ್ಮ ಮನೆ ಊರಿನ ಅಂಚಿಗಿದೆ. ಕಾಂಪೌಂಡ್ ದಾಟಿದರೆ ತುಂಗಭದ್ರಾ ಎಡದಂಡೆ ಕಾಲುವೆ ನೀರುಣ್ಣುವ ಭತ್ತದ ಗದ್ದೆ. ಹಿತ್ತಲನ್ನು ನಾನು ಜಾಸ್ತಿ ತಿದ್ದಲು ಹೋಗುವುದಿಲ್ಲ. ನುಗ್ಗೆ, ಪೇರಲ, ಕರಿಬೇವಿನ ಕೆಳಗೆ ತುಂಬೆ, ಉತ್ತರಾಣಿ ತಾವೇ ಹುಟ್ಟಿವೆ. ಬಿದ್ದ ಎಲೆ ಅಲ್ಲೇ ಕೊಳೆಯುತ್ತದೆ. ನಮ್ಮ ಅತ್ತೆಯ ಕಣ್ಣಿಗೆ ಅದು ಹಾಳು ಬಿದ್ದ ಜಾಗ.

ಸುಗ್ಗಿ ಮುಗಿದ ವಾರವೇ ಗೆಣಸಿನ ಮಡಿಯಲ್ಲಿ ಮಣ್ಣಿನ ಗುಡ್ಡೆಗಳೆದ್ದವು. ಬಳ್ಳಿ ಎಳೆದರೆ ಸುಮ್ನೆ ಕೈಗೆ ಬಂತು, ಕೆಳಗೆ ಗೆಣಸೇ ಇಲ್ಲ. ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಯಾರೋ ಅಂಥದ್ದೇ ಗುಡ್ಡೆ ತೋರಿಸಿ, ಇದು ನೆಲ ತೋಡುವ 'ಮೋಲ್' ಎಂಬ ಪ್ರಾಣಿಯ ಕೆಲಸ, ಔಡಲ ಎಣ್ಣೆ ಕಲಸಿದ ನೀರು ಹಾಕಿ ಅಂದರು. ಹಾಕಿದೆ. ಗುಡ್ಡೆ ಇನ್ನೂ ಹೆಚ್ಚಾದವು. ಮೋಲ್ ಎರೆಹುಳು ತಿಂದು ಬದುಕುವ ಪ್ರಾಣಿ, ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ ಅಂತ ಆಮೇಲೆ ತಿಳಿಯಿತು. ಇದು ಗದ್ದೆ ಖಾಲಿಯಾಗಿ ಗೋಡೆ ಬುಡದಿಂದ ನುಗ್ಗಿದ ಹೆಗ್ಗಣ.

ಗುದ್ದಿಗೆ ಪೈಪಿನಿಂದ ನೀರು ತುಂಬಿಸಿದ್ದು ಇನ್ನೂ ದೊಡ್ಡ ತಪ್ಪು. ನಮ್ಮದು ಎರಿ ಮಣ್ಣು ಅಲ್ವಾ, ನೀರು ಕುಡಿದು ಉಬ್ಬಿತು, ಒಣಗಿ ಬಿರಿಯಿತು. ಕಾಂಪೌಂಡಿನ ಒಂದು ಮೂಲೆ ಸೀಳಿತು. ಹೆಗ್ಗಣ ಬೇರೆ ಬಾಯಿಂದ ಪಾರಾಗಿತ್ತು.

ವಿಷ ಇಡಲು ಮನಸ್ಸಾಗಲಿಲ್ಲ. ರಾತ್ರಿ ನುಗ್ಗೆ ಮರಕ್ಕೆ ಗೂಬೆ ಬರುತ್ತದೆ, ವಿಷ ತಿಂದ ಇಲಿ ತಿಂದರೆ ಅದೂ ಸಾಯಬಹುದು.

ದಾರಿ ತೋರಿಸಿದ್ದು ಪಕ್ಕದ ಗದ್ದೆಯ ರೈತ. "ಸಂಜಿಗೆ ಎಲ್ಲಾ ಗುದ್ದು ಮುಚ್ರಿ ಅಕ್ಕಾರ. ಮುಂಜಾನೆ ಯಾವ್ದು ತೆರದಿರ್ತೈತಿ, ಅದರಾಗ ಐತಿ." ಹನ್ನೊಂದರಲ್ಲಿ ಮೂರು ತೆರೆದಿದ್ದವು. ಅಲ್ಲೇ ಬೋನಿಟ್ಟೆ. ಮೊದಲ ಎರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಸುಮ್ನೆ ತಿಂದು ಹೋಗಲು ಬಿಟ್ಟೆ. ಒಣಕೊಬ್ಬರಿ ಮೂಸಿಯೂ ನೋಡಲಿಲ್ಲ. ಉಳಿದ ಮಿರ್ಚಿ ಭಜಿ ಇಟ್ಟೆ, ಖಾಲಿ! (ನಮ್ಮೂರ ಹೆಗ್ಗಣ, ಮಿರ್ಚಿ ಬಿಟ್ಟೀತೇ?) ಮೂರನೇ ರಾತ್ರಿ ಬಾಗಿಲು ಬಿಚ್ಚಿದೆ. ವಾರದಲ್ಲಿ ನಾಲ್ಕು ಬಿದ್ದವು. ಅವನ್ನು ಏನು ಮಾಡಿದಿರಿ ಅಂತ ಕೇಳಬೇಡಿ. ಗದ್ದೆಗೆ ಬಿಡಲು ಆ ರೈತ ಒಪ್ಪಲಿಲ್ಲ. ಬೋನು ಮುಟ್ಟುವಾಗ ಕೈಗೆ ಗ್ಲೌಸ್ ಇರಲಿ, ಇಲಿ ಜ್ವರ ಅವುಗಳ ಮೂತ್ರದಿಂದ ಹರಡುತ್ತದೆ.

ಅಷ್ಟಾದರೂ, ಅವನ್ನು ಕರೆದವಳು ನಾನೇ. ಗೋಡೆಗೆ ಒತ್ತಿ ಎಲೆಯ ರಾಶಿ, ಗೊಬ್ಬರದ ಗುಂಡಿಗೆ ರಾತ್ರಿ ಉಳಿದ ಅನ್ನ. ಈಗ ಗುಂಡಿಗೆ ಹಸಿ ಸಿಪ್ಪೆ ಮಾತ್ರ. ಗೆಣಸಿನ ಮಡಿಯ ಅಡಿಗೆ, ಸುತ್ತಲೂ ಅರ್ಧ ಇಂಚಿನ ಕಣ್ಣಿನ ತಂತಿ ಜಾಲರಿ ಹಾಸಿದ್ದೇನೆ. ಉಳಿದ ಹಿತ್ತಲು ಹಾಗೇ ಇದೆ, ಗೋಡೆ ಪಕ್ಕ ಮೂರಡಿ ಮಾತ್ರ ಗುಡಿಸುತ್ತೇನೆ. ಅತ್ತೆ ಸಂಜೆ ಆ ಮೂರಡಿಯಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ.