ವಿಧಾನದಿಂದ ಓದು ಶುರು ಮಾಡಿದ ಮೇಲೆ

ಸಂಶೋಧನಾ ಪ್ರಬಂಧ ಕೈಗೆ ಬಂದರೆ ನಾನು ಸಾರಾಂಶವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಶೀರ್ಷಿಕೆ ನೋಡಿ ನೇರವಾಗಿ ವಿಧಾನದ ಭಾಗಕ್ಕೆ ಹೋಗುತ್ತೇನೆ. ಯಾರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು, ಯಾರನ್ನು ಕೈಬಿಟ್ಟರು, ಹೋಲಿಕೆಗೆ ಯಾವ ಗುಂಪು ಇತ್ತು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೋ ವೈದ್ಯರ ಇಷ್ಟಕ್ಕೆ ಬಿಟ್ಟರೋ, ಏನನ್ನು ಅಳೆದರು. ಇಷ್ಟನ್ನು ನನ್ನ ಮಾತಿನಲ್ಲಿ ಬರೆದುಕೊಳ್ಳುವವರೆಗೆ ಪುಟ ತಿರುಗಿಸುವುದಿಲ್ಲ. ಸಾರಾಂಶವನ್ನು ಮೊದಲೇ ಓದಿದರೆ ಲೇಖಕರ ತೀರ್ಮಾನ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಕಣ್ಣು ಅದಕ್ಕೆ ಒಪ್ಪುವ ಅಂಕಿಗಳನ್ನಷ್ಟೇ ಹುಡುಕುತ್ತದೆ.

ನನಗೆ ಹೆಚ್ಚು ಕಲಿಸಿದ್ದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಐಸಿಸ್-2 ಅಧ್ಯಯನ. ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ರೋಗಿಗಳು ಅದರಲ್ಲಿದ್ದರು. ಆಸ್ಪಿರಿನ್ ಭಾಗದ ಅಂಕಿಗಳನ್ನು ಕಾಗದ, ಪೆನ್ಸಿಲ್ ಹಿಡಿದು ಬಿಡಿಸಿದೆ. ಐದು ವಾರಗಳಲ್ಲಿ ಹೃದಯ, ರಕ್ತನಾಳಗಳ ಕಾರಣದಿಂದ ಸತ್ತವರು ಆಸ್ಪಿರಿನ್ ಗುಂಪಿನ 8,587 ಜನರಲ್ಲಿ 804, ಪ್ಲಸಿಬೊ (ಔಷಧವಿಲ್ಲದ ತೋರಿಕೆಯ ಮಾತ್ರೆ) ಗುಂಪಿನ 8,600 ಜನರಲ್ಲಿ 1,016. ಪ್ರಬಂಧ ಇದನ್ನು ಶೇ. 23ರ ಇಳಿಕೆ ಎನ್ನುತ್ತದೆ. ನಾನು ಭಾಗಿಸಿದರೆ ಸುಮಾರು ಶೇ. 21 ಬಂತು. ಲೇಖಕರದು ಆಡ್ಸ್ ಲೆಕ್ಕ, ಸತ್ತವರನ್ನು ಬದುಕಿದವರಿಂದ ಭಾಗಿಸುವುದು. ನನ್ನದು ಗುಂಪಿನ ಒಟ್ಟು ಸಂಖ್ಯೆಯಿಂದ ಭಾಗಿಸಿದ್ದು. ಎರಡೂ ಸರಿಯೇ. ಇನ್ನೊಂದು ಬಗೆಯಲ್ಲಿ ನೋಡಿದರೆ ಸಾವಿರಕ್ಕೆ 118 ಇದ್ದ ಸಾವು 94ಕ್ಕೆ ಇಳಿದಿದೆ, ಅಂದರೆ ಸಾವಿರಕ್ಕೆ 24 ಜೀವಗಳು ಉಳಿದಿವೆ. ಒಂದು ಅಗ್ಗದ ಮಾತ್ರೆಗೆ ಇದು ಬಹಳ ದೊಡ್ಡ ಗೆಲುವು. ಆದರೆ ಸಾವಿರಕ್ಕೆ ಎರಡು ಇದ್ದದ್ದು ಒಂದಕ್ಕೆ ಇಳಿದರೂ ಸುದ್ದಿಯಲ್ಲಿ 'ಶೇ. 50 ಇಳಿಕೆ' ಎಂದೇ ಬರುತ್ತದೆ. ಆದ್ದರಿಂದ ಶೇಕಡಾವಾರು ಕಂಡಲ್ಲೆಲ್ಲ 'ಎಷ್ಟರಲ್ಲಿ ಎಷ್ಟು?' ಎಂದು ಅಂಚಿನಲ್ಲಿ ಬರೆಯುತ್ತೇನೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಪಾಠವಿದೆ. ಲೇಖಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿ ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ತುಸು ಹಾನಿ ಮಾಡಿದಂತೆ, ಉಳಿದ ರಾಶಿಗಳವರಿಗೆ ಭಾರಿ ಲಾಭ ತಂದಂತೆ ಅಂಕಿಗಳು ಹೇಳಿದವು! ಒಂದೇ ದತ್ತಾಂಶವನ್ನು ಹತ್ತಾರು ಉಪಗುಂಪುಗಳಾಗಿ ಸೀಳಿದರೆ ಎಲ್ಲಾದರೊಂದು ಕಡೆ ಆಕಸ್ಮಿಕವಾಗಿ ವಿಚಿತ್ರ ಫಲಿತಾಂಶ ಬಂದೇ ಬರುತ್ತದೆ ಎಂದು ಎಚ್ಚರಿಸಲೆಂದೇ ಅವರು ಹೀಗೆ ಮಾಡಿದ್ದರು. ಈಗ 'ಔಷಧ ಒಟ್ಟಾರೆ ಕೆಲಸ ಮಾಡಲಿಲ್ಲ, ಆದರೆ ಐವತ್ತು ದಾಟಿದ ಮಹಿಳೆಯರಲ್ಲಿ ಮಾಡಿತು' ಎಂಬಂಥ ವಾಕ್ಯ ಕಂಡಾಗ, ಆ ಉಪಗುಂಪನ್ನು ಮೊದಲೇ ಘೋಷಿಸಿದ್ದರೇ ಎಂದು ಅಧ್ಯಯನದ ನೋಂದಣಿ ದಾಖಲೆಯಲ್ಲಿ, ಅಂದರೆ ಏನನ್ನು ಅಳೆಯುತ್ತೇವೆ ಎಂದು ಮುಂಚೆಯೇ ಬರೆದಿಡುವ ಕಡತದಲ್ಲಿ, ಹುಡುಕುತ್ತೇನೆ. ಘೋಷಿಸಿರದಿದ್ದರೆ ಅದು ನನ್ನ ಮಟ್ಟಿಗೆ ಮುಂದಿನ ಅಧ್ಯಯನಕ್ಕೊಂದು ಪ್ರಶ್ನೆ, ಅಷ್ಟೇ. ನೋಂದಣಿಯಲ್ಲಿ ಒಂದು ಮುಖ್ಯ ಫಲಿತಾಂಶ, ಪ್ರಬಂಧದಲ್ಲಿ ಇನ್ನೊಂದು ಇದ್ದರೆ ನನಗೆ ಸಿಟ್ಟೇ ಬರುತ್ತದೆ.

ಅಳೆದದ್ದು ರೋಗಿಗೆ ಮುಖ್ಯವಾದದ್ದೇ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಹೃದಯಾಘಾತದ ನಂತರ ಹೃದಯದ ಬಡಿತ ತಪ್ಪುವವರಿಗೆ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಕೊಡುತ್ತಿದ್ದರು. ಅವು ತಪ್ಪು ಬಡಿತಗಳನ್ನು ಚೆನ್ನಾಗಿಯೇ ತಗ್ಗಿಸುತ್ತಿದ್ದವು. ಕಾಸ್ಟ್ ಎಂಬ ಅಧ್ಯಯನ ಸಾವುಗಳನ್ನೇ ಎಣಿಸಿತು. ಔಷಧ ಪಡೆದವರೇ ಹೆಚ್ಚು ಸಾಯುತ್ತಿದ್ದದ್ದು ಕಂಡು 1989ರಲ್ಲಿ ಆ ಎರಡನ್ನೂ ನಿಲ್ಲಿಸಬೇಕಾಯಿತು. ಇಸಿಜಿ, ರಕ್ತಪರೀಕ್ಷೆ, ಸ್ಕ್ಯಾನ್‌ಗಳ ಸುಧಾರಣೆಯನ್ನಷ್ಟೇ ವರದಿ ಮಾಡುವ ಪ್ರಬಂಧ ಬಂದಾಗಲೆಲ್ಲ ಇದು ನೆನಪಾಗುತ್ತದೆ.

ಪಿ-ಮೌಲ್ಯಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಔಷಧಕ್ಕೆ ಯಾವ ಪರಿಣಾಮವೂ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣುವ ಸಂಭವ ಎಷ್ಟು ಎಂದಷ್ಟೇ ಅದು ಹೇಳುತ್ತದೆ. ಅದರ ಪಕ್ಕದ ವಿಶ್ವಾಸಾಂತರವನ್ನು, ಅಂದರೆ ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಅಂದಾಜಿಸುವ ವ್ಯಾಪ್ತಿಯನ್ನು, ಮಾತ್ರ ನಿಧಾನವಾಗಿ ಓದುತ್ತೇನೆ. 'ವ್ಯತ್ಯಾಸ ಕಂಡುಬರಲಿಲ್ಲ' ಎನ್ನುವ ಸಣ್ಣ ಅಧ್ಯಯನದಲ್ಲಿ ಆ ಅಂತರ ದೊಡ್ಡ ಲಾಭದಿಂದ ದೊಡ್ಡ ಹಾನಿಯವರೆಗೆ ಚಾಚಿಕೊಂಡಿದ್ದರೆ, ಉತ್ತರ ಇನ್ನೂ ಸಿಕ್ಕಿಲ್ಲ ಎಂದು ಬರೆದುಕೊಂಡು ಅದೇ ಪ್ರಶ್ನೆಯ ಮೇಲಿನ ದೊಡ್ಡ ಅಧ್ಯಯನ ಹುಡುಕುತ್ತೇನೆ.