ಬಯೋಸಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕ್ ಏರ್ಸೋದು ಹೆಂಗೆ, ಎಲ್ಲಿ ನಿಲ್ಸ್ಬೇಕು

ಪಿಸಿಐ ಎಕ್ಸ್‌ಪ್ರೆಸ್ ಅಂದ್ರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಮಧ್ಯದ ಡೇಟಾ ದಾರಿ, ಕೆಳಗೆ ಬಸ್ ಅಂದಿರೋದು ಇದನ್ನೇ; ಬಯೋಸ್ ಅಂದ್ರೆ ವಿಂಡೋಸಿಗಿಂತ ಮೊದ್ಲು ಬರೋ ಸೆಟ್ಟಿಂಗ್ ಸ್ಕ್ರೀನು. ಮೊದ್ಲು ಡಿಸ್ಕಲ್ಲಿರೋ ಫೋಟೋ, ಲೆಕ್ಕಪತ್ರ ಎಲ್ಲಾ ಬೇರೆ ಡ್ರೈವಿಗೆ ಕಾಪಿ ಮಾಡಿ, ಆ ಡ್ರೈವ್ ಕಳಚಿ ಪಕ್ಕಕ್ಕಿಡಿ, ಆಮೇಲೆ ಮುಂದಕ್ಕೆ ಓದಿ. ಈ ಕೆಲ್ಸದಲ್ಲಿ ಪ್ರೊಸೆಸರ್ ಸುಟ್ಟೋಗುತ್ತೆ ಅಂತ ಎಲ್ರೂ ಹೆದರ್ತಾರೆ, ನಿಜವಾಗ್ಲೂ ಹೋಗೋದು ಡಿಸ್ಕಲ್ಲಿರೋ ಡೇಟಾ ಕಣ್ರಪ್ಪ.

ಯಾಕಂದ್ರೆ 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರಿನ ಬೋರ್ಡುಗಳಲ್ಲಿ 100 ಮೆಗಾಹರ್ಟ್ಸಿನ ಬೇಸ್ ಕ್ಲಾಕ್ ಒಂದೇ, ವಿಸಿ ನಾಲೆಯ ಒಂದೇ ತೂಬಿಂದ ಎಲ್ಲಾ ಗದ್ದೆಗೂ ನೀರು ಹೋದಂಗೆ ಪ್ರೊಸೆಸರು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಸಾಟಾ (ಡಿಸ್ಕಿನ ಲಿಂಕು) ಎಲ್ಲಕ್ಕೂ ಅಲ್ಲಿಂದ್ಲೇ ಹೋಗುತ್ತೆ, ಒಂದನ್ನ ಏರಿಸಿದ್ರೆ ಎಲ್ಲಾ ಏರುತ್ತೆ. 2015ರ ಇಂಟೆಲ್ ಸ್ಕೈಲೇಕ್ ಪ್ರೊಸೆಸರ್ ಬಂದ್ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕ್ ಬೇರೆ ಆಯ್ತು, ಅದ್ರಲ್ಲಿ ಬೇಸ್ ಕ್ಲಾಕ್ ಏರಿಸಿದ್ರೆ ಬಸ್ ಏನೂ ಏರಲ್ಲ, ಹಂಗಾಗಿ ಕೆಳಗೆ ಹೇಳಿರೋದು ಹಳೇ ಬೋರ್ಡಿಗೆ ಮಾತ್ರ. ಆಫೀಸಿಂದ ಬಂದ ಸೆಕೆಂಡ್‌ಹ್ಯಾಂಡ್ ಮಷಿನ್ನುಗಳ ಬಯೋಸಲ್ಲಿ ಈ ಆಪ್ಷನ್ನೇ ಸಾಮಾನ್ಯವಾಗಿ ಇರಲ್ಲ, ಹುಡುಕ್ತಾ ಕೂರ್ಬೇಡಿ.

ಆನ್ ಮಾಡಿದ ತಕ್ಷಣ ಡಿಲೀಟ್ ಇಲ್ಲಾ ಎಫ್2 ಒತ್ತಿ ಬಯೋಸಿಗೆ ಹೋಗಿ, ಈಗಿರೋ ಸೆಟ್ಟಿಂಗನ್ನೆಲ್ಲ ಮೊಬೈಲಲ್ಲಿ ಫೋಟೋ ತಕ್ಕೊಳಿ. ಸ್ಪ್ರೆಡ್ ಸ್ಪೆಕ್ಟ್ರಮ್ (ಕ್ಲಾಕನ್ನ ಸ್ವಲ್ಪ ಹಿಂದೆಮುಂದೆ ಆಡ್ಸೋ ಆಪ್ಷನ್) ಆಫ್ ಮಾಡಿ. ಪ್ರೊಸೆಸರ್ ಮಲ್ಟಿಪ್ಲೈಯರ್ (ಬೇಸ್ ಕ್ಲಾಕನ್ನ ಎಷ್ಟರಿಂದ ಗುಣಿಸ್ಬೇಕು ಅನ್ನೋ ನಂಬರ್) ಒಂದು ಮೆಟ್ಲು, ರ‍್ಯಾಮ್ ಸ್ಪೀಡ್ ಒಂದು ಮೆಟ್ಲು ಇಳಿಸಿ, ಇದನ್ನ ಯಾರೂ ಮಾಡಲ್ಲ, ಆದ್ರೆ ಮಾಡ್ಲೇಬೇಕು, 34 ಮಲ್ಟಿಪ್ಲೈಯರಲ್ಲಿ ಕ್ಲಾಕ್ 103 ಮಾಡಿದ್ರೆ ಪ್ರೊಸೆಸರ್ 3400 ಮೆಗಾಹರ್ಟ್ಸ್ ಇದ್ದಿದ್ದು 3502 ಆಗಿರುತ್ತೆ, ಆಗ ಹ್ಯಾಂಗಾದ್ರೆ ಕೈಕೊಟ್ಟಿದ್ದು ಬಸ್ಸೋ ಪ್ರೊಸೆಸರೋ ಅಂತ ಹೆಂಗೆ ಗೊತ್ತಾಗ್ಬೇಕು? ಈಗ ಬೇಸ್ ಕ್ಲಾಕಿಗೆ 101 ಹಾಕಿ, ಸೇವ್ ಮಾಡಿ ಬೂಟ್ ಮಾಡಿ. ಒಂದೊಂದೇ ಏರ್ಸಿ, 103ಕ್ಕೆ ನಿಲ್ಸಿ. 105 ದಾಟಿದ್ರೆ ಸಾಟಾ ಡಿಸ್ಕ್ ಕಾಣದೇ ಹೋಗೋದು, ಫೈಲ್ ಕೆಡೋದು ಶುರುವಾಗ್ಬೋದು.

ವಿಂಡೋಸ್ ಓಪನ್ ಆಯ್ತು ಅಂದ್ರೆ ಸರಿಯಾಯ್ತು ಅಂತಲ್ಲ. ಒಂದು ದೊಡ್ಡ ಫೈಲ್ ಕಾಪಿ ಮಾಡಿ ಎರಡರ ಚೆಕ್‌ಸಮ್ ಹೋಲಿಸಿ ನೋಡಿ (ಫೈಲಲ್ಲಿ ಚೂರು ಬದಲಾದ್ರೂ ಬದಲಾಗೋ ನಂಬರ್ ಅದು), ವಿಂಡೋಸಿನ ಈವೆಂಟ್ ವ್ಯೂವರಲ್ಲಿ ವ್ಹಿಯಾ ಲಾಗರ್ (ಹಾರ್ಡ್‌ವೇರ್ ತಪ್ಪು ಬರೆದಿಡೋದು) ಅಂತ ಪಿಸಿಐ ಎಕ್ಸ್‌ಪ್ರೆಸ್ ಎಚ್ಚರಿಕೆ ಬಂದಿದ್ರೆ ಆ ಲಿಂಕು ಒದ್ದಾಡ್ತಿರ್ಬೋದು, ಒಂದು ಕಮ್ಮಿ ಮಾಡಿ. ಟೆಸ್ಟನ್ನ ಏಪ್ರಿಲ್ ಮಧ್ಯಾಹ್ನ ಮಾಡಿ, ಡಿಸೆಂಬರ್ ಬೆಳಗ್ಗೆ ಮೈಸೂರಿನ ಚಳೀಲಿ ಪಾಸಾಗಿದ್ದು ಬೇಸಿಗೇಲಿ ಫೇಲಾಗ್ಬೋದು. ಯುಪಿಎಸ್ ಇಲ್ದೇ ಕೂರ್ಬೇಡಿ.

ಲಾಭ? 103 ಅಂದ್ರೆ ಬಸ್ಸಿಗೆ ನೂರಕ್ಕೆ 3 ಜಾಸ್ತಿ, ಗೇಮಲ್ಲಿ ಕಣ್ಣಿಗೆ ಕಾಣಲ್ಲ. ಅದಕ್ಕೇ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರಲ್ಲಿ ಕಾರ್ಡು 16 ಲೇನಲ್ಲೇ (ಲೇನ್ ಅಂದ್ರೆ ಬಸ್ಸಿನ ಒಂದು ಡೇಟಾ ಸಾಲು) ಓಡ್ತಿದ್ಯಾ ನೋಡ್ಕೊಳಿ, 4 ಲೇನಿನ ಸ್ಲಾಟಲ್ಲಿ ಕೂತಿದ್ರೆ ಮೇಲಿನ ಸ್ಲಾಟಿಗೆ ಹಾಕಿ, ಅಲ್ಲಿ ಸಿಗೋದು ಈ ಇಡೀ ಕಸರತ್ತಲ್ಲಿ ಸಿಗಲ್ಲ.

ಸ್ಕ್ರೀನೇ ಬರ್ಲಿಲ್ಲ ಅಂದ್ರೆ ಪ್ಲಗ್ ಕಿತ್ತು, ಬೋರ್ಡಲ್ಲಿರೋ ಕ್ಲಿಯರ್ ಸಿಮಾಸ್ ಜಂಪರ್ (ಬಯೋಸ್ ಸೆಟ್ಟಿಂಗ್ ಅಳಿಸೋ ಪಿನ್ನು) ಶಾರ್ಟ್ ಮಾಡಿ, ಜಂಪರ್ ಸಿಗದಿದ್ರೆ ಸಿಆರ್2032 ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಎಲ್ಲಾ 100ಕ್ಕೆ ವಾಪಸ್ ಬರುತ್ತೆ.